ಹಳೆಯ ಟ್ಯೂಬ್‌ಲೈಟ್ ಕಸದ ಆಟೊಗೆ ಬೇಡ

ಕಾಚಿಗುಡದ ಸೋದರಿ, ಬೀರುವಿನ ಹಿಂದೆ ನಿಲ್ಲಿಸಿದ ಆರು ಟ್ಯೂಬ್‌ಲೈಟ್‌ಗಳನ್ನು ಕಸದ ಆಟೊಗೆ ಹಾಕದೆ ಮೊದಲು ಕೇಳಿದಿರಲ್ಲ, ಬಹಳ ಒಳ್ಳೆಯದಾಯಿತು. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಗಾಜು ಒಡೆಯದಿದ್ದರೆ ಭಯವಿಲ್ಲ. ಒಡೆದರೆ ಪಾದರಸದ ಆವಿ ಮೊದಲು ಸೇರುವುದು ಕಸ ಆಯುವವರ ಉಸಿರನ್ನು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ. ಮರುಬಳಕೆಯ ಹೊಣೆ ತಯಾರಕರದು. ಟ್ಯೂಬ್‌ಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ. ಇಲ್ಲವೇ ತೆಲಂಗಾಣ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಮರುಬಳಕೆದಾರರಿಗೇ ಕೊಡಿ. ಗುಜರಿಯವರಿಗೆ ಖಂಡಿತ ಬೇಡ, ಅವರು ತುದಿಯ ಅಲ್ಯೂಮಿನಿಯಂಗಾಗಿ ಗಾಜು ಒಡೆಯುತ್ತಾರೆ.

ಕೈಜಾರಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್, ಎಸಿ ಆರಿಸಿ, ಕಿಟಕಿ ತೆರೆದು ಹತ್ತು-ಹದಿನೈದು ನಿಮಿಷ ಆಚೆ ಇರಿ. ಪೊರಕೆ ಮುಟ್ಟಬೇಡಿ, ಗುಡಿಸಿದರೆ ಟ್ಯೂಬಿನೊಳಗಿನ ಬಿಳಿಪುಡಿ ಮನೆತುಂಬ ಹರಡುತ್ತದೆ. ಕೈಗವಸು ಹಾಕಿ, ಗಟ್ಟಿ ರಟ್ಟಿನಿಂದ ಚೂರು ಬಳಿದು, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ.

ಅಪಾರ್ಟ್‌ಮೆಂಟಿನವರೆಲ್ಲ ಹಳೆಯ ಟ್ಯೂಬ್‌ಗಳನ್ನು ಒಂದೇ ಕಡೆ ಕೂಡಿಟ್ಟರೆ ಒಯ್ಯುವವರಿಗೂ ಅನುಕೂಲ. ಮುಂದಿನ ಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ.