ಕೂಲಿ ವ್ಯತ್ಯಾಸ ಮತ್ತು ಆಂತರಿಕ ವಲಸೆ

ಮೂಲತತ್ವ: ಕಡಿಮೆ ಕೂಲಿಯ ಪ್ರದೇಶದಿಂದ ಹೆಚ್ಚು ಕೂಲಿಯ ಪ್ರದೇಶಕ್ಕೆ ಕಾರ್ಮಿಕರು ವಲಸೆ ಹೋಗುತ್ತಾರೆ.

ಹ್ಯಾರಿಸ್–ಟೊಡಾರೊ ಮಾದರಿ (1970): ವಲಸೆಯನ್ನು ನಿರ್ಧರಿಸುವುದು ನಿರೀಕ್ಷಿತ ಕೂಲಿ, ಅಂದರೆ ನಗರದ ಕೂಲಿ × ಕೆಲಸ ಸಿಗುವ ಸಂಭವನೀಯತೆ. ಹೀಗಾಗಿ ನಗರದಲ್ಲಿ ನಿರುದ್ಯೋಗವಿದ್ದರೂ ವಲಸೆ ನಿಲ್ಲುವುದಿಲ್ಲ.

ಉದಾಹರಣೆ: ಆರ್‌ಬಿಐ ಅಂಕಿಅಂಶದಂತೆ 2022–23ರಲ್ಲಿ ಗ್ರಾಮೀಣ ಕೃಷಿ ಕಾರ್ಮಿಕರ ಸರಾಸರಿ ದಿನಗೂಲಿ ಕೇರಳದಲ್ಲಿ ಸುಮಾರು ₹764, ಮಧ್ಯಪ್ರದೇಶದಲ್ಲಿ ₹229. ಪಶ್ಚಿಮ ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರದ ಕಾರ್ಮಿಕರನ್ನು ಕೇರಳ ಸೆಳೆಯಲು ಹೆಚ್ಚಿನ ಕೂಲಿಯೇ ಮುಖ್ಯ ಕಾರಣ. ಕೇರಳೀಯರ ಗಲ್ಫ್ ವಲಸೆಯಿಂದಾದ ಕಾರ್ಮಿಕರ ಕೊರತೆಯೂ ಇದಕ್ಕೆ ಪೂರಕ.

ತಡೆಗಳು: ಪ್ರಯಾಣ ವೆಚ್ಚ, ಮನೆ ಬಾಡಿಗೆ, ಭಾಷೆ, ಪರಿಚಯಸ್ಥರಿಲ್ಲದಿರುವುದು.

ರಕ್ಷಣೆ: ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ (1979; 2025ರವರೆಗೆ ಜಾರಿಯಲ್ಲಿತ್ತು), ಒಂದು ರಾಷ್ಟ್ರ ಒಂದು ಪಡಿತರ ಚೀಟಿ, ಕೇರಳದ ‘ಆವಾಜ್’ ವಿಮೆ (2017). ಕೂಲಿಯ ಜೊತೆಗೆ ಸುರಕ್ಷತೆಯೂ ಸಿಕ್ಕಾಗ ಮಾತ್ರ ವಲಸೆ ನಿಜವಾದ ಏಳಿಗೆಯಾಗುತ್ತದೆ.