ಹಗೆಯ ಮೆಟ್ಟಿಲುಗಳು

1995ರ ಎಪ್ರಿಲ್ 19ರಂದು ಅಮೆರಿಕದ ಓಕ್ಲಹೋಮಾ ನಗರದಲ್ಲಿ ಸರ್ಕಾರಿ ಕಟ್ಟಡವೊಂದು ಬಾಂಬಿಗೆ ತುತ್ತಾಯಿತು. ಅಸುನೀಗಿದವರು 168 ಮಂದಿ; ಅವರಲ್ಲಿ 19 ಮಂದಿ ಮಕ್ಕಳು. ಈ ಘೋರ ಕೃತ್ಯವನ್ನೆಸಗಿದ ತಿಮೊಥಿ ಮೆಕ್‌ವೇ ಪರದೇಶದವನಲ್ಲ; ಅದೇ ನಾಡಿನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಪದಕ ಪಡೆದವನು.

ಅಂಥವನು ಈ ಸ್ಥಿತಿಗಿಳಿದುದು ಹೇಗೆ? ಉಗ್ರವಾದಿಯು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೊದಲು ಅನ್ಯಾಯದ ಭಾವನೆಯೊಂದು ಮನದಲ್ಲಿ ಬೇರೂರುತ್ತದೆ. 1993ರಲ್ಲಿ ಟೆಕ್ಸಾಸಿನ ವೇಕೋದಲ್ಲಿ ಒಂದು ಪಂಥದವರ ಮೇಲಿನ ಸರ್ಕಾರದ ಮುತ್ತಿಗೆಯು ಅನೇಕರ ಮರಣದಲ್ಲಿ ಮುಗಿದುದು ಮೆಕ್‌ವೇಯ ರೋಷವನ್ನು ಬೆಳೆಸಿತು. ಬಳಿಕ ಸಮಾನರೋಷಿಗಳ ಮಾತು ಮಾತ್ರವೇ ಹಿತವಾಗುತ್ತದೆ. ಕೊನೆಗೆ ಎದುರಿನವನು ಮನುಷ್ಯನೆಂಬುದೇ ಮರೆತುಹೋಗುತ್ತದೆ.

ಈ ಮೆಟ್ಟಿಲುಗಳ ನಡುವಣ ಕಾಲವೇ ತಡೆಯುವ ಯತ್ನಕ್ಕೆ ಎಡೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಪುರಸಭೆಯೂ ಪೋಲೀಸರೂ ಕೂಡಿ 2007ರಲ್ಲಿ ಇಂಥ ಕಾರ್ಯವನ್ನಾರಂಭಿಸಿದರು, ಶಾಲೆಗಳೂ ಕೈಜೋಡಿಸಿದವು. ದಾರಿ ತಪ್ಪುತ್ತಿರುವ ತರುಣನಿಗೆ ಹಿರಿಯ ಮಾರ್ಗದರ್ಶಕನೊಬ್ಬನನ್ನು ಒದಗಿಸಿ, ಓದಿಗೂ ಉದ್ಯೋಗಕ್ಕೂ ನೆರವಾಗಿ, ಹೆತ್ತವರಿಗೂ ಧೈರ್ಯ ತುಂಬುವುದು ಅಲ್ಲಿನ ಕ್ರಮ. ಅಪರಾಧಿಗೆ ಮಾತ್ರ ಶಿಕ್ಷೆ ತಪ್ಪದು. 2013ರವರೆಗೆ ಆ ನಗರದಿಂದ ಸುಮಾರು 30 ಮಂದಿ ಸಿರಿಯಾಕ್ಕೆ ತೆರಳಿದ್ದರೆ, 2014ರಲ್ಲಿ ತೆರಳಿದವನು ಒಬ್ಬನೇ. ಇದಕ್ಕೆ ಅನ್ಯ ಕಾರಣಗಳೂ ಇರಬಹುದು. ಆದರೂ ಯತ್ನವು ವ್ಯರ್ಥವಾಗಲಿಲ್ಲವೆನ್ನಬಹುದು.

ಅಧ್ಯಾಪಕರಾದ ನಮಗೆ ಇದರಲ್ಲಿ ಪಾಠವಿದೆ. ಪ್ರಶ್ನಿಸುವ ಬಾಲಕನೆಲ್ಲ ಉಗ್ರನಲ್ಲ. ಅವನನ್ನು ಶಂಕಿಸಿ ದೂರ ತಳ್ಳಿದರೆ ಮೊದಲ ಮೆಟ್ಟಿಲನ್ನು ನಾವೇ ಕಟ್ಟಿಕೊಟ್ಟಂತಾಗುವುದು. ಗೆಳೆಯರನ್ನೆಲ್ಲ ತೊರೆದು ಸದಾ ದ್ವೇಷವನ್ನೇ ನುಡಿಯುವವನನ್ನು ಬಳಿಗೆ ಕರೆದು ಅವನ ಮಾತನ್ನು ಕೇಳೋಣ. ಹಿಂಸೆಯ ಸಿದ್ಧತೆ ಕಂಡಲ್ಲಿ ತಡಮಾಡದೆ ಅಧಿಕಾರಿಗಳಿಗೆ ತಿಳಿಸೋಣ. ಎರಡೂ ನಮ್ಮ ಕರ್ತವ್ಯವೇ.