ಸಹಿ ಹಾಕಿದರೆ ಸುಳ್ಳು ಒಪ್ಪಿಕೊಂಡಂತೆಯೇ?

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಡೇ ಕೇರ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡೆ. ಸೂಜಿ ಚುಚ್ಚಿದ್ದು ಭುಜದ ತೀರಾ ಮೇಲ್ಭಾಗಕ್ಕೆ. ಅಂದು ರಾತ್ರಿಯೇ ನೋವು ಶುರುವಾಯಿತು. ತಾನಾಗಿ ಹೋಗುತ್ತದೆಂದು ಮುಲಾಮು ಹಚ್ಚಿಕೊಂಡು ಮೂರು ತಿಂಗಳು ತಳ್ಳಿದೆ. ಈಗಲೂ ಮಗಳಿಗೆ ಜಡೆ ಹಾಕುವಷ್ಟು ಕೈ ಏಳುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಿದ್ದೆ, ಸರ್ಕಾರ ರಾಜಿಗೆ ಬಂದಿದೆ. ಆದರೆ ‘ಲಸಿಕೆಯಿಂದ ಈ ತೊಂದರೆ ಆಯಿತೆಂಬುದನ್ನು ಒಪ್ಪುವುದಿಲ್ಲ’ ಎಂದು ಪತ್ರದಲ್ಲಿದೆ. ಸಹಿ ಹಾಕಿದರೆ ನಾನು ಸುಳ್ಳುಗಾತಿ ಎಂದು ನಾನೇ ಬರೆದುಕೊಟ್ಟಂತಲ್ಲವೇ? ಯಜಮಾನರು ‘ಸಿಕ್ಕಿದ್ದು ತಗೊಂಡು ಮುಗಿಸು’ ಅನ್ನುತ್ತಾರೆ. ಊರಿನಲ್ಲಿರುವ ಅಕ್ಕ ‘ಬಿಡಬೇಡ, ಲಸಿಕೆ ವಿಷ ಅಂತ ಎಲ್ಲರಿಗೂ ಗೊತ್ತಾಗಲಿ’ ಅನ್ನುತ್ತಾಳೆ.

ಉತ್ತರ: ನೀವು ಸುಳ್ಳುಗಾತಿ ಅಲ್ಲ, ಸಹೋದರಿ. ಆ ಕಾಗದವೂ ಹಾಗೆ ಹೇಳುತ್ತಿಲ್ಲ. ಆ ವಾಕ್ಯ ಸರ್ಕಾರದ ನಿಲುವು, ನಿಮ್ಮ ತಪ್ಪೊಪ್ಪಿಗೆಯಲ್ಲ. ನಿಮ್ಮ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕಾಗಿಲ್ಲ. 1986ರ ಕಾಯ್ದೆಯಿಂದ ಹುಟ್ಟಿ 1988ರಿಂದ ನಡೆಯುತ್ತಿರುವ, ಲಸಿಕೆಯಿಂದಾದ ತೊಂದರೆಗೆ ಪರಿಹಾರ ಕೊಡುವ ಈ ಸರ್ಕಾರಿ ಯೋಜನೆಯಲ್ಲಿ ಪರಿಹಾರ ಸಿಕ್ಕ ಪ್ರಕರಣಗಳ ಪೈಕಿ ಸುಮಾರು ಶೇ. 60ರಷ್ಟು ಮುಗಿದಿರುವುದು ಇಂಥ ರಾಜಿಯಿಂದಲೇ.

ಸರ್ಕಾರ ಯಾವ ಅಂಶವನ್ನು ಹಿಡಿದುಕೊಂಡು ಒಪ್ಪದಿರಬಹುದೆಂದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಲಸಿಕೆಯ ನಂತರದ ಭುಜದ ತೊಂದರೆ 2017ರಲ್ಲಿ ಯೋಜನೆ ಗುರುತಿಸುವ ತೊಂದರೆಗಳ ಪಟ್ಟಿಗೆ ಸೇರಿತು. 48 ಗಂಟೆಯೊಳಗೆ ನೋವು ಶುರುವಾಗಿ, ಆ ಭುಜಕ್ಕೆ ಮೊದಲು ತೊಂದರೆ ಇರದೆ, ಬೇರೆ ಕಾರಣವೂ ಕಾಣದಿದ್ದರೆ, ಲಸಿಕೆಯಿಂದಲೇ ಆಯಿತೆಂದು ಕಾನೂನು ಊಹಿಸಿಕೊಳ್ಳುತ್ತದೆ. ನಿಮಗೆ ನೋವು ಅಂದೇ ರಾತ್ರಿ ಬಂತು. ವೈದ್ಯರ ದಾಖಲೆಯಲ್ಲಿ ಮಾತ್ರ ಮೂರು ತಿಂಗಳು ಖಾಲಿ, ಹಾಗಾಗಿ ನೋವು ಅಂದೇ ಶುರುವಾಯಿತೆಂದು ತೋರಿಸುವುದು ಕಷ್ಟ. ನೋವನ್ನು ನುಂಗಿಕೊಂಡು ಮನೆ, ಕೆಲಸ ಎರಡನ್ನೂ ನಡೆಸಿದ್ದೇ ಹೆಣ್ಣುಮಕ್ಕಳಿಗೆ ಹೀಗೆ ತಿರುಗಿ ಬೀಳುವುದು ಕಂಡರೆ ನನಗೆ ಸಂಕಟವಾಗುತ್ತದೆ. ಆ ದಿನಗಳಲ್ಲಿ ಯಜಮಾನರ ಹತ್ತಿರ, ಅಕ್ಕನ ಹತ್ತಿರ ನೋವು ಹೇಳಿಕೊಂಡಿದ್ದಿರಾ? ಹಳೆಯ ಮೆಸೇಜುಗಳಿವೆಯೇ? ಅವರಿಬ್ಬರ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಕೆಯಾಗಿದೆಯೇ ಎಂದು ವಕೀಲರನ್ನು ಕೇಳಿ. ಅದು ಇನ್ನೂ ಕಡತಕ್ಕೆ ಸೇರಿಲ್ಲವೆಂದರೆ ಸಹಿಗೆ ಆತುರ ಬೇಡ.

ರಾಜಿ ಬೇಡವೆಂದರೆ ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯದಲ್ಲಿ ‘ಸ್ಪೆಷಲ್ ಮಾಸ್ಟರ್’ ಎಂಬ ನ್ಯಾಯಾಧಿಕಾರಿ ತೀರ್ಮಾನಿಸುತ್ತಾರೆ. ಹೆಚ್ಚು ಸಿಗಬಹುದು, ಕಡಿಮೆ ಸಿಗಬಹುದು, ಏನೂ ಸಿಗದೆಯೂ ಇರಬಹುದು. ನೋವು-ಸಂಕಟಕ್ಕೆ 2,50,000 ಡಾಲರ್ ಎನ್ನುವುದು ಮೇಲಿನ ಮಿತಿ. ಅದನ್ನೇ ಲೆಕ್ಕ ಹಾಕಿಕೊಂಡು ಕೂರಬೇಡಿ. ನಿಮ್ಮಂಥದ್ದೇ ಪ್ರಕರಣಗಳಲ್ಲಿ ಎಷ್ಟು ಕೊಟ್ಟಿದ್ದಾರೆ, ಕಳೆದುಕೊಂಡ ಸಂಬಳ ಈ ಮೊತ್ತದಲ್ಲಿ ಸೇರಿದೆಯೇ ಎಂದು ಕೇಳಿ. ವಕೀಲರ ಬಿಲ್ಲಿನ ಭಯಕ್ಕಂತೂ ಸಹಿ ಹಾಕಬೇಡಿ. ಅರ್ಜಿ ಪ್ರಾಮಾಣಿಕವಾಗಿದ್ದು ಅದಕ್ಕೆ ತಕ್ಕ ಆಧಾರವಿದ್ದರೆ, ಸೋತರೂ ಅವರ ಶುಲ್ಕ ಯೋಜನೆಯ ನಿಧಿಯಿಂದಲೇ ಬರಬಹುದು. ನಿಮ್ಮ ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ ಪ್ರಶ್ನೆ. ಸಹಿ ಬಿದ್ದ ಮೇಲೆ ಈ ಭುಜಕ್ಕಾಗಿ ಮತ್ತೆ ಕೇಳಲು ಬರುವುದಿಲ್ಲ. ಮೊದಲು ಮೂಳೆ ವೈದ್ಯರ ಬಳಿ ಹೋಗಿ, ಶಸ್ತ್ರಚಿಕಿತ್ಸೆ ಬೇಕಾಗಬಹುದೇ, ಫಿಸಿಯೋಥೆರಪಿ ಇನ್ನೆಷ್ಟು ದಿನ ಎಂದು ಬರೆಸಿಕೊಳ್ಳಿ. ಶಸ್ತ್ರಚಿಕಿತ್ಸೆಯ ಮಾತು ಎದ್ದರೆ ತಡೆಯಿರಿ. ಆ ಮಾತು ಏಳದೆ, ಮೊತ್ತವೂ ಉಳಿದವರಿಗೆ ಸಿಕ್ಕಿದ್ದಕ್ಕೆ ಹತ್ತಿರವಿದ್ದರೆ, ಸಹಿ ಹಾಕುವುದೇ ಒಳ್ಳೆಯದೆಂದು ನನಗನ್ನಿಸುತ್ತದೆ.

ಅಕ್ಕನಿಗೆ ಪ್ರೀತಿಯಿಂದಲೇ, ಆದರೆ ಖಂಡಿತವಾಗಿ ಹೇಳಿ: ಇಂಥ ಭುಜದ ತೊಂದರೆಗೆ ಸಾಮಾನ್ಯವಾಗಿ ಕಾರಣವೆಂದು ತಜ್ಞರು ಹೇಳುವುದು ಸೂಜಿ ತಪ್ಪು ಜಾಗಕ್ಕೆ, ತೀರಾ ಮೇಲಕ್ಕೆ ಚುಚ್ಚಿದ್ದನ್ನು. ಲಸಿಕೆ ವಿಷವೆನ್ನುವುದಕ್ಕೆ ಇದು ಸಾಕ್ಷಿಯಾಗದು. ನಿಮ್ಮ ನೋವಿನ ಹೆಸರಿನಲ್ಲಿ ಮನೆಯ ಮಕ್ಕಳ ಲಸಿಕೆ ತಪ್ಪಬಾರದು.

ಇನ್ನೊಂದು ವಿಷಯ. ರಾಜಿಯಾದರೂ ತೀರ್ಪು ನ್ಯಾಯಾಲಯದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಖಾಸಗಿ ವೈದ್ಯಕೀಯ ವಿವರಗಳನ್ನು ತೆಗೆಯಿರೆಂದು ಕೇಳಲು 14 ದಿನ ಮಾತ್ರ ಅವಕಾಶ. ಕೇಳಿದ್ದೆಲ್ಲ ಸಿಗದಿರಬಹುದು, ಆದರೂ ಆ ಅರ್ಜಿಯ ವಿಷಯವನ್ನು ವಕೀಲರಿಗೆ ಈಗಲೇ ಹೇಳಿಟ್ಟಿರಿ.